ಹಲ್ಲು ಬರೆದಿಟ್ಟ ಬಾಲ್ಯ: ಲೇವನ್‌ಹುಕ್‌ನಿಂದ ಪಾವಗಡದವರೆಗೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಟೈಮ್ ಇಲ್ಲದವರು, ಲೋಕಲ್ ಟ್ರೈನ್‌ನಲ್ಲಿ ನಿಂತುಕೊಂಡೇ ಓದುವವರು ಇಲ್ಲೇ ಓದಿಕೊಳ್ಳಬಹುದು.

ನಾನಿರೋದು ಮುಂಬೈನ ಸಾಂತಾಕ್ರೂಜ್ ಪೂರ್ವದಲ್ಲಿ. ಇಲ್ಲಿನ ಕಲೀನಾ ಕನ್ನಡಿಗರಿಗೆ ಹೊಸ ಹೆಸರಲ್ಲ. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರೋದು ಅಲ್ಲೇ. ಮಹಾರಾಷ್ಟ್ರ ಸರ್ಕಾರದ ವಿಧಿವಿಜ್ಞಾನ ಪ್ರಯೋಗಾಲಯ ಇರೋದೂ ಅದೇ ಕಲೀನಾದಲ್ಲಿ. ಇಂಥ ಪ್ರಯೋಗಾಲಯಗಳಿಗೆ ಹಲ್ಲು ಅಂದ್ರೆ ದೊಡ್ಡ ಸಾಕ್ಷಿ. ಬೆಂಕಿಯಲ್ಲಿ, ಮಣ್ಣಿನಲ್ಲಿ ದೇಹದ ಉಳಿದದ್ದೆಲ್ಲ ಹೋದರೂ ಹಲ್ಲು ಉಳಿಯುತ್ತೆ. ಉಳಿಯೋದಷ್ಟೇ ಅಲ್ಲ, ಮಾತಾಡುತ್ತೆ. ಆ ಮಾತನ್ನು ಓದೋಕೆ ಮನುಷ್ಯ ಕಲಿತದ್ದು ಹೇಗೆ? ನಮ್ಮೂರಿನವರಿಗೆ ಅದರಿಂದ ಏನು ಗೊತ್ತಾಗಬೇಕು? ಇವತ್ತಿನ ವಿಷಯ ಇದು.

ಬಟ್ಟೆ ವ್ಯಾಪಾರಿಯಿಂದ ಶುರು

ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವನ್‌ಹುಕ್ ವೃತ್ತಿಯಲ್ಲಿ ಬಟ್ಟೆ ವ್ಯಾಪಾರಿ. ತಾನೇ ಉಜ್ಜಿದ ಮಸೂರಗಳಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ನೋಡೋ ಹುಚ್ಚು. 1678ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಒಂದು ವರದಿ ಬಂತು: ಹಲ್ಲು ಗಟ್ಟಿ ಕಲ್ಲಲ್ಲ, ಅತಿ ಸಣ್ಣ ನಳಿಕೆಗಳು ಒತ್ತೊತ್ತಾಗಿ ಸೇರಿ ಆದದ್ದು. ಅವನು ನೋಡಿದ್ದು ಇವತ್ತು ನಾವು ಡೆಂಟಿನ್ ಅನ್ನೋ ಭಾಗವನ್ನ. ತಣ್ಣೀರು ಕುಡಿದಾಗ ಹಲ್ಲು ಜುಮ್ ಅನ್ನುತ್ತಲ್ಲ, ಆ ಸುದ್ದಿ ಒಳಗೆ ಹೋಗೋದು ಈ ನಳಿಕೆಗಳ ದಾರಿಯಲ್ಲೇ.

ಆಮೇಲೆ ಸುಮಾರು ನೂರೈವತ್ತು ವರ್ಷ ಈ ವಿಷಯ ಹೆಚ್ಚು ಮುಂದೆ ಹೋಗಲಿಲ್ಲ. 1830ರ ದಶಕದಲ್ಲಿ ಒಳ್ಳೆಯ ಸೂಕ್ಷ್ಮದರ್ಶಕಗಳು ಬಂದವು. 1835ರಲ್ಲಿ ಬ್ರೆಸ್ಲಾವ್‌ನಲ್ಲಿ ಪುರ್ಕಿನ್ಯೆ ಮತ್ತು ಅವರ ಶಿಷ್ಯ ಫ್ರೆಂಕೆಲ್ ಹಲ್ಲಿನ ರಚನೆಯನ್ನು ವಿವರಿಸಿದರು. ಅದರ ಹಿಂದೆಯೇ ಸ್ಟಾಕ್‌ಹೋಮ್‌ನ ಆಂಡರ್ಸ್ ರೆಟ್ಜಿಯಸ್, ಹಲ್ಲಿನ ಹೊರಕವಚವಾದ ಎನಾಮೆಲ್‌ನಲ್ಲಿ ಸಾಲುಸಾಲು ಗೆರೆಗಳಿವೆ ಅಂತ ಬರೆದರು. ಮರ ಕಡಿದಾಗ ಬುಡದಲ್ಲಿ ಉಂಗುರ ಕಾಣುತ್ತಲ್ಲ, ಹಾಗೆ. ಅವಕ್ಕೆ ಇವತ್ತಿಗೂ ರೆಟ್ಜಿಯಸ್ ಗೆರೆಗಳು ಅಂತಲೇ ಹೆಸರು.

ತಿದ್ದೋಕಾಗದ ಲಾಗ್

ಆ ಗೆರೆಗಳು ಏನು ಅಂತ ಅರ್ಥ ಆಗಬೇಕಾದರೆ ಹಲ್ಲು ಬೆಳೆಯೋ ಬಗೆ ನೋಡಬೇಕು. ತಾಯಿಯ ಹೊಟ್ಟೆಯಲ್ಲಿ ಭ್ರೂಣಕ್ಕೆ ಆರು ವಾರ ಆದಾಗಲೇ ವಸಡಿನ ಜಾಗದಲ್ಲಿ ಒಂದು ಪಟ್ಟಿ ದಪ್ಪಗಾಗುತ್ತೆ. ಅದರಿಂದ ಮೊಗ್ಗು, ಮೊಗ್ಗಿನಿಂದ ಟೋಪಿ, ಟೋಪಿಯಿಂದ ಗಂಟೆ ಆಕಾರ. ಗಂಟೆಯ ಒಳಮೈಯಲ್ಲಿ ಎರಡು ಬಗೆಯ ಕೋಶಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು ಸಾಲು ಡೆಂಟಿನ್ ಕಟ್ಟುತ್ತಾ ಒಳಗೆ ಸರಿಯುತ್ತೆ, ಇನ್ನೊಂದು ಎನಾಮೆಲ್ ಕಟ್ಟುತ್ತಾ ಹೊರಗೆ ಸರಿಯುತ್ತೆ.

ಡೆಂಟಿನ್ ಕಟ್ಟುವ ಕೋಶಗಳು ಹಲ್ಲಿನೊಳಗೆ ಬದುಕಿಯೇ ಇರುತ್ತವೆ, ಬೇಕಾದಾಗ ಸ್ವಲ್ಪ ರಿಪೇರಿ ಮಾಡಿಕೊಳ್ಳುತ್ತವೆ. ಎನಾಮೆಲ್ ಕಟ್ಟುವ ಕೋಶಗಳ ಕಥೆ ಬೇರೆ. ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೆ ಅವು ಸತ್ತು ಹೋಗಿರುತ್ತವೆ. ತೂಕದಲ್ಲಿ ಶೇ. 96ರಷ್ಟು ಖನಿಜವೇ ಆಗಿರುವ ಈ ಕವಚ ನಮ್ಮ ದೇಹದ ಅತಿ ಗಟ್ಟಿ ವಸ್ತು. ಆದರೆ ಅದನ್ನ ಮತ್ತೆ ಕಟ್ಟುವವರು ಯಾರೂ ಇಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಎನಾಮೆಲ್ ಒಂದು ಅಪೆಂಡ್-ಓನ್ಲಿ ಲಾಗ್. ದಿನಕ್ಕೆ ಸುಮಾರು 4 ಮೈಕ್ರಾನ್ ಲೆಕ್ಕದಲ್ಲಿ ಪದರ ಬೀಳುತ್ತೆ. ದಿನದ ಗೆರೆ ಒಂದು, ಸಾಮಾನ್ಯವಾಗಿ ಏಳೆಂಟು ದಿನಕ್ಕೊಮ್ಮೆ ಬೀಳುವ ದಪ್ಪ ಗೆರೆ ಇನ್ನೊಂದು. ಈ ದಪ್ಪ ಗೆರೆಯೇ ರೆಟ್ಜಿಯಸ್ ಕಂಡದ್ದು. ಆ ದಿನಗಳಲ್ಲಿ ಮಗುವಿಗೆ ಜ್ವರ, ಹಸಿವು, ಭೇದಿ ಏನಾದರೂ ಜೋರಾಗಿ ಕಾಡಿದ್ದರೆ ಅದೂ ದಾಖಲಾಗಬಹುದು. ಹುಟ್ಟಿದ ದಿನದ್ದೂ ಒಂದು ಗೆರೆ ಇದೆ. ಗರ್ಭದಿಂದ ಹೊರಗೆ ಬಂದ ಏರುಪೇರು ಹಾಲುಹಲ್ಲಿನ ಮೇಲೆ ಬೀಳೋದನ್ನ 1930ರ ದಶಕದಲ್ಲಿ ಗುರುತಿಸಿದರು.

1950ರಲ್ಲಿ ಸ್ವೀಡನ್ನಿನ ಗೋಸ್ಟಾ ಗುಸ್ತಾಫ್‌ಸನ್, ಹಲ್ಲನ್ನು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟು, ಆರು ಬದಲಾವಣೆಗಳಿಗೆ ಅಂಕ ಕೊಟ್ಟು, ಸತ್ತವರ ವಯಸ್ಸನ್ನು ಅಂದಾಜು ಮಾಡೋ ವಿಧಾನ ಕೊಟ್ಟರು. ಇವತ್ತಿಗೂ ವಿಧಿವಿಜ್ಞಾನದ ಪಾಠಗಳಲ್ಲಿ ಅವರ ಹೆಸರಿದೆ.

ಮೂರು ಸಾವಿರ ವರ್ಷದ ಹಿಂದಿನ ಮಕ್ಕಳು

ಲಾಗ್ ಓದೋದು ಪೊಲೀಸರ ಕೆಲಸಕ್ಕಷ್ಟೇ ಅಲ್ಲ, ಇತಿಹಾಸಕ್ಕೂ ಬೇಕು. ಪುಣೆ ಜಿಲ್ಲೆಯ ಘೋಡ್ ನದಿ ದಂಡೆಯ ಇನಾಮ್‌ಗಾಂವ್‌ನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಉತ್ಖನನ ಮಾಡಿದರು. ಕ್ರಿ.ಪೂ. 1600ರಿಂದ 700ರವರೆಗೆ ಜನ ಬಾಳಿದ್ದ ಹಳ್ಳಿ ಅದು. ಅಲ್ಲಿ ಸತ್ತ ಮಕ್ಕಳನ್ನ ದೂರ ಒಯ್ಯುತ್ತಿರಲಿಲ್ಲ. ಎರಡು ಮಡಕೆಗಳನ್ನ ಬಾಯಿಗೆ ಬಾಯಿ ಸೇರಿಸಿ, ಅದರೊಳಗಿಟ್ಟು, ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು.

ಆ ಮಕ್ಕಳ ಹಾಲುಹಲ್ಲುಗಳನ್ನ ಅಮೆರಿಕದ ಜಾನ್ ಲೂಕಾಕ್ಸ್ ಮತ್ತು ಡೆಕ್ಕನ್ ಕಾಲೇಜಿನ ಸುಭಾಷ್ ವಾಳಿಂಬೆ ಅಧ್ಯಯನ ಮಾಡಿದರು. ಹಾಲಿನ ಕೋರೆಹಲ್ಲಿನ ಎನಾಮೆಲ್ ಮೇಲೆ ಸಣ್ಣ ಗುಳಿಗಳಿವೆಯೇ ಅಂತ ನೋಡಿ 1998ರಲ್ಲಿ ಪ್ರಕಟಿಸಿದರು. ಆ ಹಲ್ಲಿನ ತಲೆಭಾಗ ತಯಾರಾಗೋದು ಗರ್ಭದ ಕೊನೆಯ ತಿಂಗಳುಗಳಲ್ಲಿ ಮತ್ತು ಮಗುವಿನ ಮೊದಲ ವರ್ಷದಲ್ಲಿ. ಅಂದರೆ ಲಿಪಿ ಇಲ್ಲದ ಆ ಕಾಲದ ತಾಯಂದಿರು, ಕೂಸುಗಳು ಪಟ್ಟ ಕಷ್ಟ ತಿಳಿಯೋಕೆ ನಮಗಿರೋ ಪುಟ ಅದೇ. ಹವಾಮಾನ ಬದಲಾಗಿ ಬೇಸಾಯದ ರೀತಿ ಬದಲಾದಾಗ ಮಕ್ಕಳಿಗೆ ಏನಾಯ್ತು ಅನ್ನೋ ಪ್ರಶ್ನೆಯನ್ನ ಅವರು ಹಲ್ಲಿಗೇ ಕೇಳಿದರು.

ನಮ್ಮ ಕಡೆಯ ಹಲ್ಲು

ಈಗ ನಮ್ಮ ಕಾಲಕ್ಕೆ, ನಮ್ಮ ಊರಿಗೆ ಬರೋಣ. ತುಮಕೂರು ಜಿಲ್ಲೆಯ ಪಾವಗಡ, ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಚಿಂತಾಮಣಿ, ಗದಗ ಜಿಲ್ಲೆಯ ಮುಂಡರಗಿ. ಈ ಕಡೆಯವರು ನಿಮ್ಮ ಟೀಮ್‌ನಲ್ಲೂ ಇರಬಹುದು. ಕೆಲವರ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಇರುತ್ತೆ. ಫೋಟೋಗೆ ಬಾಯಿ ಮುಚ್ಚಿ ನಗ್ತಾರೆ. ಪಾವಗಡ ಕಡೆಯ ಗೆಳೆಯರೊಬ್ಬರಿಗೆ ಹಿಂದಿನ ಆಫೀಸಿನಲ್ಲಿ, "ಕ್ಲೈಂಟ್ ಮುಂದೆ ಹೋಗ್ತೀರಾ, ಸ್ವಲ್ಪ ಚೆನ್ನಾಗಿ ಬ್ರಷ್ ಮಾಡಿ" ಅಂತ ಹೇಳಿದ್ದರಂತೆ. ಗುಟ್ಕಾ ತಿಂತೀರಾ ಅಂತಲೂ ಕೇಳಿದ್ದರಂತೆ. ಅವರು ಎಲೆ-ಅಡಿಕೆ ಕೂಡ ಮುಟ್ಟಿದವರಲ್ಲ.

ಈ ಕಂದು ಕಲೆಯ ಗುಟ್ಟು ಬಿಡಿಸಿದ ಇತಿಹಾಸ ಅಮೆರಿಕದಲ್ಲಿ ಶುರುವಾಗುತ್ತೆ. 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನೋ ಹೊಸ ದಂತವೈದ್ಯರು ಕೊಲೊರಾಡೋ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲೇ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಏನೂ ಇಲ್ಲ. ಹಾಗಾದ್ರೆ ಇದು ಹೊರಗಿಂದ ಅಂಟಿದ ಕೊಳೆಯಲ್ಲ, ಹಲ್ಲು ಒಳಗೆ ತಯಾರಾಗುವಾಗಲೇ ಆದ ದೋಷ. ಆಗಿನ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಎನಾಮೆಲ್ ರಚನೆಯಲ್ಲೇ ತೊಂದರೆ ಕಂಡಿತು. ಮೆಕೇ ನೀರಿನ ಮೇಲೆ ಅನುಮಾನ ಪಟ್ಟರು. ಐಡಹೋದ ಓಕ್ಲಿ ಊರಿನವರು ಅವರ ಮಾತು ಕೇಳಿ ನೀರಿನ ಮೂಲವನ್ನೇ ಬದಲಿಸಿದರು. ಅದಾದ ಮೇಲೆ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲುಗಳು ಬೆಳ್ಳಗಿದ್ದವು. ನೀರಿನಲ್ಲಿರೋದು ಫ್ಲೋರೈಡ್ ಅಂತ 1931ರಲ್ಲಿ ಎಚ್. ವಿ. ಚರ್ಚಿಲ್ ಅನ್ನೋ ರಸಾಯನಶಾಸ್ತ್ರಜ್ಞ ಪತ್ತೆ ಹಚ್ಚಿದರು. ನಮ್ಮ ದೇಶದಲ್ಲಿ 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ಫ್ಲೋರೈಡ್‌ನಿಂದ ಬೆನ್ನು, ಕೀಲು ಬಿಗಿದುಕೊಂಡವರ ಬಗ್ಗೆ ವರದಿ ಮಾಡಿದರು.

ಒಳಗೆ ಆಗೋದು ಏನು? ಎನಾಮೆಲ್ ಕೋಶ ಮೊದಲು ಪ್ರೋಟೀನಿನ ಅಚ್ಚು ಹಾಕುತ್ತೆ. ಆಮೇಲೆ ಪ್ರೋಟೀನ್ ತೆಗೆಯುತ್ತಾ ಖನಿಜ ತುಂಬುತ್ತೆ. ಸೆಂಟ್ರಿಂಗ್ ಬಿಚ್ಚಿದ ಹಾಗೆ ಅನ್ನಿ. ಫ್ಲೋರೈಡ್ ಜಾಸ್ತಿಯಾದರೆ ಈ ಬಿಚ್ಚೋ ಕೆಲಸ ತಡವಾಗುತ್ತೆ, ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಹಲ್ಲು ಹೊರಬಂದಾಗ ಸುಣ್ಣದಂತೆ ಬಿಳಿ ಮಚ್ಚೆ. ವರ್ಷ ಕಳೆದಂತೆ ಆ ತೂತುಗಳು ಬಣ್ಣ ಹೀರಿ ಕಂದಾಗುತ್ತೆ. ಯಾವ ಬ್ರಷ್ ತಾನೇ ಒಳಗೆ ಹೋಗೀತು? ಪಾವಗಡದಂಥ ಕಡೆ ಕೆರೆ ಬತ್ತಿ, ಕೊಳವೆಬಾವಿ ಆಳಕ್ಕೆ ಇಳಿದು, ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತ ನೀರನ್ನ ಮಕ್ಕಳು ಕುಡಿದರು. ಆ ಲಾಗ್ ಎಂಟ್ರಿ ಈಗ ಅವರ ನಗುವಿನಲ್ಲಿದೆ. ಅದು ಸೋಮಾರಿತನದ ಗುರುತಲ್ಲ, ನೀರಿನ ಇತಿಹಾಸ.

ನಮಗೆ ಬೇಕಾದ ಲೆಕ್ಕ

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಮುಂದಿನ ಹಲ್ಲುಗಳ ಎನಾಮೆಲ್ ಕಟ್ಟೋದು ಮಗುವಿನ ಮೊದಲ ನಾಲ್ಕೈದು ವರ್ಷದಲ್ಲಿ. ಅದರಲ್ಲೂ ಎರಡು ವರ್ಷದ ಆಸುಪಾಸು ತುಂಬ ಸೂಕ್ಷ್ಮ. ಇದು ನಮಗೆ ಯಾಕೆ ಮುಖ್ಯ ಅಂದ್ರೆ, ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋ ನಾವು ಮಕ್ಕಳನ್ನ ಊರಲ್ಲಿ ಅಜ್ಜಿ ಹತ್ತಿರ ಬಿಡೋದು ಸರಿಯಾಗಿ ಅದೇ ವಯಸ್ಸಿನಲ್ಲಿ. ಹಬ್ಬಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದರೆ ಹೆದರೋದು ಬೇಡ. ಒಂದೆರಡು ವರ್ಷ ಬಿಡೋದಾದರೆ ಮಾತ್ರ ಮೊದಲು ಬೋರ್ ನೀರನ್ನ ಟೆಸ್ಟ್ ಮಾಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಅಜ್ಜಿಗೆ ಇದನ್ನ ಫೋನ್‌ನಲ್ಲಿ ಬಿಡಿಸಿ ಹೇಳಿ. ಕುಡಿಯೋಕೆ, ಗಂಜಿಗೆ, ಹಾಲಿನ ಪುಡಿ ಕಲಸೋಕೆ ಆರ್‌ಓ ಘಟಕದ ನೀರು ಇಲ್ಲವೇ ಶುದ್ಧವಾಗಿ ಹಿಡಿದ ಮಳೆನೀರು ಬಳಸಲಿ.

ದೊಡ್ಡವರ ಕಂದು ಕಲೆಗೆ ಈಗ ದಂತವೈದ್ಯರ ಹತ್ತಿರ ಉಪಾಯಗಳಿವೆ, ಬೇಕೆನಿಸಿದವರು ಮಾಡಿಸಿಕೊಳ್ಳಲಿ. ಬೇಡ ಅಂದವರು ಹಾಗೇ ಬಾಯ್ತುಂಬ ನಗಲಿ. ಪಕ್ಕದಲ್ಲಿರೋ ನಾವು ಬ್ರಷ್ ಬಗ್ಗೆ ಉಪದೇಶ ಮಾಡದೇ ಇದ್ದರೆ ಸಾಕು.

ಮುಂದಿನ ವಾರ ಸಿಗೋಣ. ನಮಸ್ಕಾರ.