ಪೇಪರಿನ ಕೊನೇ ಪುಟದ ಆ ಸಣ್ಣ ಸಾಲು

ಫೋನಿಗೆ ಬಂದ ಸುದ್ದಿಯನ್ನು ಯಾವ ಆಧಾರದ ಮೇಲೆ ನಂಬಬೇಕು ಅನ್ನೋದು ಇವತ್ತಿನ ವಿಷಯ. ಇದರ ಬಗ್ಗೆ ಟಿಪ್ಸ್ ಕೊಡೋ ವಿಡಿಯೋಗಳು ಬೇಕಾದಷ್ಟಿವೆ. ಆದರೆ ಈ ಪ್ರಶ್ನೆ ಸ್ಮಾರ್ಟ್‌ಫೋನಿಗಿಂತ ತುಂಬಾ ಹಳೇದು. ಹಾಗಾಗಿ ನಾವು ಇತಿಹಾಸದ ಕಡೆಯಿಂದ ಬರೋಣ.

2012ರ ಆಗಸ್ಟ್ 15. ಬೆಂಗಳೂರಿನ ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಸಾವಿರಾರು ಜನ ಗುವಾಹಟಿ ರೈಲಿಗೆ ಕಾಯ್ತಾ ಇದ್ದರು. ಈಶಾನ್ಯ ರಾಜ್ಯಗಳಿಂದ ಓದೋದಕ್ಕೆ ಬಂದವರು, ಹೋಟೆಲಿನಲ್ಲಿ, ಸೆಕ್ಯೂರಿಟಿ ಕೆಲಸದಲ್ಲಿ ಇದ್ದವರು, ಇದ್ದಕ್ಕಿದ್ದಂತೆ ಊರು ಬಿಟ್ಟು ಹೊರಟಿದ್ದರು. ಅದಕ್ಕೆ ಹಿಂದಿನ ತಿಂಗಳು ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆ ಆಗಿತ್ತು. ಅದು ನಿಜ. ಆದರೆ 'ರಂಜಾನ್ ಮುಗಿದ ಮೇಲೆ ಇಲ್ಲಿ ನಿಮ್ಮ ಮೇಲೆ ದಾಳಿ ಆಗುತ್ತೆ' ಅನ್ನೋ ಎಸ್ಸೆಮ್ಮೆಸ್‌ಗಳನ್ನು ಯಾರು ಬರೆದರು ಅಂತ ಅದನ್ನು ಓದಿದವರಿಗೆ ಗೊತ್ತಿರಲಿಲ್ಲ. ಅವು ಬಂದದ್ದು ಗೆಳೆಯನಿಂದ, ರೂಮ್‌ಮೇಟ್‌ನಿಂದ, ಅಣ್ಣನಿಂದ. ಅವರಿಗೆ ಇನ್ನೊಬ್ಬರಿಂದ.

ಆಗ ಗೃಹ ಸಚಿವರೂ ಆಗಿದ್ದ ಆರ್. ಅಶೋಕ ಸ್ಟೇಷನ್ನಿಗೇ ಹೋಗಿ 'ಹೋಗಬೇಡಿ' ಅಂತ ಕೇಳಿಕೊಂಡರು. ರೈಲ್ವೆಯವರು ವಿಶೇಷ ರೈಲು ಬಿಡಬೇಕಾಯಿತು. ಎರಡು ದಿನದ ನಂತರ ಕೇಂದ್ರ ಸರ್ಕಾರ ಒಂದು ಲೆಕ್ಕ ಹಾಕಿತು: ದಿನಕ್ಕೆ ಒಬ್ಬರಿಂದ ಐದೇ ಎಸ್ಸೆಮ್ಮೆಸ್. ಜೊತೆಗೆ ಇಂಟರ್‌ನೆಟ್ಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಕೊಂಡಿಗಳನ್ನು ಬ್ಲಾಕ್ ಮಾಡಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು ಆ ಪಟ್ಟಿ ತೆಗೆದು ನೋಡಿದಾಗ, ಸುಳ್ಳನ್ನು ಬಯಲು ಮಾಡಿದ್ದ ಪುಟಗಳೂ ಅದರಲ್ಲಿ ಸೇರಿಹೋಗಿದ್ದವು! ಸುಳ್ಳಿನ ಜೊತೆ ಅದರ ಮದ್ದೂ ಬಂದ್.

ಈ 'ಐದು' ಅನ್ನೋ ಸಂಖ್ಯೆ ನೆನಪಿರಲಿ. ಮತ್ತೆ ಬರುತ್ತೆ.

ಈಗ 1843ಕ್ಕೆ ಹೋಗೋಣ. ಆ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ನಡೆಸಿದವರು ಜರ್ಮನಿಯಿಂದ ಬಂದಿದ್ದ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್. ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ, ಬೆಲೆ ಒಂದು ದುಡ್ಡು, ಕಲ್ಲಚ್ಚಿನ ಮುದ್ರಣ. ಊರ ಸುದ್ದಿ, ಸರ್ಕಾರದ ಕಾನೂನು, ಹೊರಗಿನ ವರ್ತಮಾನ, ಕಥೆ ಎಲ್ಲ ಇತ್ತು. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಇವತ್ತಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯೋದು ಜುಲೈ 1ಕ್ಕೇ.

ಮೋಗ್ಲಿಂಗ್ ತಟಸ್ಥ ವ್ಯಕ್ತಿಯೇನಲ್ಲ. ಮಿಷನರಿ. ಅವರಿಗೆ ಅವರದೇ ಉದ್ದೇಶ ಇತ್ತು. ಆದರೆ ಪೇಪರ್ ಓದೋರಿಗೆ ಅದು ಮಿಷನ್ನಿನ ಅಚ್ಚುಕೂಟದಿಂದ ಬಂದದ್ದು ಅಂತ ಗೊತ್ತಿತ್ತು. ಎಷ್ಟು ತಗೋಬೇಕು, ಎಷ್ಟು ಬಿಡಬೇಕು ಅಂತ ತೂಗಿ ನೋಡಬಹುದಿತ್ತು. ಸಂತೆಯಲ್ಲಿ ಕಿವಿಗೆ ಬಿದ್ದ ಗಾಳಿಮಾತಿಗೆ ಈ ಸೌಲಭ್ಯ ಇಲ್ಲ. ಯಾರದ್ದು ಅಂತಲೇ ಗೊತ್ತಿಲ್ಲದ ಮಾತನ್ನು ಯಾವ ತಕ್ಕಡಿಗೆ ಹಾಕ್ತೀರಿ?

ಮುಂದೆ 1867ರಲ್ಲಿ ಬ್ರಿಟಿಷರು ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ತಂದರು. ಅಚ್ಚಾಗುವ ಪ್ರತಿ ಪುಸ್ತಕ, ಪ್ರತಿ ಪತ್ರಿಕೆಯ ಮೇಲೆ ಮುದ್ರಕರ ಹೆಸರು, ಮುದ್ರಣವಾದ ಜಾಗ, ಪ್ರಕಾಶಕರ ವಿವರ ಹಾಕಲೇಬೇಕು ಅಂತ. ಮುಂದೆ ಸಂಪಾದಕರ ಹೆಸರೂ ಸೇರಿತು. ಇವತ್ತಿನ ಯಾವ ಕನ್ನಡ ದಿನಪತ್ರಿಕೆಯನ್ನಾದರೂ ತಗೊಳ್ಳಿ, ಸಾಮಾನ್ಯವಾಗಿ ಕೊನೇ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇದೆಲ್ಲ ಇರುತ್ತೆ. ಚುರುಮುರಿ ಪೊಟ್ಟಣದ ಮೇಲೆ ಬಂದಾಗಲೂ ನಾವು ಅದನ್ನು ಓದಿರೋದಿಲ್ಲ.

ಈ ಸಾಲು ಓದುಗರ ಮೇಲಿನ ಪ್ರೀತಿಯಿಂದ ಹುಟ್ಟಿದ್ದಲ್ಲ ಬಿಡಿ. ಸರ್ಕಾರಕ್ಕೆ ಬೇಕಾಗಿದ್ದದ್ದು ಅಚ್ಚುಕೂಟಗಳ ಮೇಲೆ ಒಂದು ಕಣ್ಣು. ಹೆಸರು ಹಾಕಿದವರು ಅದಕ್ಕೆ ಬೆಲೆಯನ್ನೂ ತೆತ್ತರು. ನಮ್ಮ ಮೈಸೂರು ಸಂಸ್ಥಾನದಲ್ಲೇ 1908ರಲ್ಲಿ ದಿವಾನ್ ಮಾಧವರಾಯರ ಕಾಲದಲ್ಲಿ ಪತ್ರಿಕೆಗಳನ್ನು ಬಿಗಿಹಿಡಿಯುವ ಕಾನೂನು ಬಂದಾಗ, ತಾತಯ್ಯ ಅಂತಲೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅಂದರೆ ಹೆಸರು ಇದ್ದವರಿಗೆ ಕಳೆದುಕೊಳ್ಳೋಕೆ ಏನೋ ಇರುತ್ತೆ. ನನ್ನ ಪ್ರಕಾರ ನಂಬಿಕೆಯ ಮೂಲ ಇರೋದು ಅಲ್ಲೇ. ಪತ್ರಿಕೆ ತಪ್ಪೇ ಮಾಡಲ್ಲ ಅಂತಲ್ಲ. ತಪ್ಪಾದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಿರುತ್ತೆ, ಅಷ್ಟೇ.

ನಾನು ಓದಿದ್ದು ಬಿ.ಕಾಂ. ಅಕೌಂಟ್ಸಿನಲ್ಲಿ ಮೊದಲು ಹೇಳಿಕೊಡೋ ಪಾಠ: ವೌಚರ್ ಇಲ್ಲದೆ ಎಂಟ್ರಿ ಇಲ್ಲ. ನೂರು ರೂಪಾಯಿಯ ಖರ್ಚಿಗೂ ಯಾರು ಕೊಟ್ಟರು, ಯಾರು ತಗೊಂಡರು, ಯಾವ ತಾರೀಕು, ಯಾರ ಸಹಿ ಅಂತ ಬೇಕು. ಆ ಕೊನೇ ಸಾಲು ಸುದ್ದಿಯ ವೌಚರ್.

2018ಕ್ಕೆ ಬರೋಣ. ಆ ವರ್ಷ ಮಕ್ಕಳ ಕಳ್ಳರ ಬಗ್ಗೆ ಒಂದು ವಿಡಿಯೋ ದೇಶವೆಲ್ಲಾ ಸುತ್ತಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ಅಲ್ಲಿಗೆ ಕಟ್. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತೆಗೆದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ವಾಪಸ್ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸ್ತಾರೆ. ಯಾರೋ ಆ ಭಾಗವನ್ನೇ ಕತ್ತರಿಸಿ ಬಿಟ್ಟರು. ಇದು ಯಾರದ್ದು, ಯಾಕೆ ಮಾಡಿದ್ದು ಅಂತ ಹೇಳ್ತಿದ್ದದ್ದೇ ಆ ಭಾಗ.

ಇಂಥ ವಿಡಿಯೋ, ವದಂತಿಗಳ ಕಾವಿನಲ್ಲೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅವರ ಗುಂಪಿನವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟು ಸಾಕಾಯಿತು.

ಅದೇ ಜುಲೈನಲ್ಲಿ ವಾಟ್ಸ್ಯಾಪ್ ಎರಡು ಬದಲಾವಣೆ ತಂತು. ಒಂದು, 'ಫಾರ್ವರ್ಡೆಡ್' ಅನ್ನೋ ಚೀಟಿ. ಇನ್ನೊಂದು, ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್. ಮತ್ತೆ ಐದು! ಆರು ವರ್ಷದ ಹಿಂದೆ ಸರ್ಕಾರ ಎಣಿಸಿತ್ತು, ಈಗ ಕಂಪನಿ ಎಣಿಸಿತು. ಎಣಿಸಿದರೆ ಸುಳ್ಳಿನ ಓಟ ನಿಧಾನ ಆಗುತ್ತೆ, ಅದು ಒಳ್ಳೇದೇ. ಆದರೆ ಆ ಚೀಟಿಯನ್ನು ಸರಿಯಾಗಿ ನೋಡಿ. ಇದು ಬೇರೆ ಕಡೆಯಿಂದ ಬಂದದ್ದು ಅಂತ ಹೇಳುತ್ತೆ, ಎಲ್ಲಿಂದ ಅಂತ ಹೇಳಲ್ಲ. 1867ರಲ್ಲೇ ಕಾಗದದ ಮೇಲೆ ಕಡ್ಡಾಯ ಆಗಿದ್ದ ಸಾಲು ನಮ್ಮ ಫೋನಿನಲ್ಲಿ ಕಳೆದುಹೋಗಿದೆ.

ಹಾಗಾದರೆ ಅದನ್ನು ನಾವೇ ಹುಡುಕಬೇಕು. ಹೇಗೆ?

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಪರೀಕ್ಷೆ ಮಾಡಿದರು: 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು, 25 ವಿದ್ಯಾರ್ಥಿಗಳು. ಓದಿ ಓದಿ ಪಳಗಿದ ಇತಿಹಾಸಕಾರರೂ ಅನೇಕ ಸಲ ವಿದ್ಯಾರ್ಥಿಗಳ ಹಾಗೆಯೇ ವೆಬ್‌ಸೈಟಿನ ಒಳಗೇ ಮೇಲಿಂದ ಕೆಳಗೆ ಓದುತ್ತಾ ಕೂತರು, ಚೆಂದದ ಲೋಗೋಗೆ ಮರುಳಾದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಬೇಗ ಆ ಪುಟದಿಂದ ಹೊರಬಂದು, ಹೊಸ ಟ್ಯಾಬ್ ತೆರೆದು, ಇದನ್ನು ನಡೆಸೋರು ಯಾರು, ಬೇರೆಯವರು ಇವರ ಬಗ್ಗೆ ಏನಂತಾರೆ ಅಂತ ಹುಡುಕಿದರು. ಹುಡುಗನ ಬಗ್ಗೆ ಹುಡುಗನ ಮನೆಯವರನ್ನೇ ಕೇಳದೆ, ಅಕ್ಕಪಕ್ಕದ ಬೀದಿಯಲ್ಲಿ ವಿಚಾರಿಸ್ತಾರಲ್ಲ, ಹಾಗೆ.

ನೀವೂ ಅಷ್ಟೇ ಮಾಡಿ. ಸುದ್ದಿ ತಾಣ ಅಂದಮೇಲೆ ಮಾಲೀಕರು ಯಾರು, ಆಫೀಸು ಎಲ್ಲಿದೆ ಅಂತ ಇರಬೇಕು. ವರದಿಗೆ ಹೆಸರು, ತಾರೀಕು ಬೇಕು. ತಪ್ಪಾದಾಗ ಸದ್ದಿಲ್ಲದೆ ಅಳಿಸ್ತಾರಾ, ತಿದ್ದುಪಡಿ ಅಂತ ಹಾಕ್ತಾರಾ ನೋಡಿ. ಟಿವಿ ಚಾನೆಲ್ಲಿನ ಲೋಗೋ ಇರೋ ಸ್ಕ್ರೀನ್‌ಶಾಟ್ ಬಂದರೆ ಲೋಗೋ ನಂಬಬೇಡಿ, ಆ ಚಾನೆಲ್ಲಿನ ಸೈಟಿಗೇ ಹೋಗಿ ಆ ಸುದ್ದಿ ಇದೆಯಾ ಹುಡುಕಿ. ಒಬ್ಬರೇ ಹೇಳ್ತಿದ್ದರೆ ಸ್ವಲ್ಪ ತಡೀರಿ. ಹತ್ತು ಜನ ಹೇಳ್ತಿದ್ದರೂ ಎಲ್ಲರೂ ಒಬ್ಬರನ್ನೇ ನೋಡಿ ಬರೆದಿದ್ದಾರಾ ಗಮನಿಸಿ.

ಈ ಪಾಡ್‌ಕಾಸ್ಟಿಗೂ ಇದೇ ನಿಯಮ. ನಾನು ಹೇಳಿದ ವರ್ಷ, ಊರು, ಹೆಸರು ಯಾವುದನ್ನಾದರೂ ತಗೊಂಡು ಹುಡುಕಿ ನೋಡಿ. ಬೇಜಾರು ಮಾಡ್ಕೊಳಲ್ಲ, ಹೇಳಿದ್ದೇ ಅದಕ್ಕೆ.

ಮನೆಯ ಗ್ರೂಪಿಗೆ ದೊಡ್ಡಪ್ಪ ಏನೋ ಫಾರ್ವರ್ಡ್ ಮಾಡಿದಾಗ 'ಇದು ಸುಳ್ಳು' ಅಂತ ಎಲ್ಲರ ಮುಂದೆ ಹೇಳಿದರೆ ಜಗಳ ಆಗುತ್ತೆ. 'ದೊಡ್ಡಪ್ಪಾ, ಇದು ಮೊದಲು ಯಾರು ಹೇಳಿದ್ದಂತೆ?' ಅಂತ ಕೇಳಿ ನೋಡಿ. ಉತ್ತರ ಸಿಕ್ಕರೆ ಓದೋಣ, ತೂಗೋಣ. ಸಿಗದಿದ್ದರೆ ಆ ಮೆಸೇಜು ಅಲ್ಲೇ ನಿಲ್ಲಲಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.