ಸಾಯದ ಒಡೆಯರು

ಶ್ರೀಗಂಧವು ಯಾರ ಹಿತ್ತಲಲ್ಲಿ ಹುಟ್ಟಿದರೂ ಅದು ಸರ್ಕಾರದ ಸೊತ್ತೆಂಬ ಕಟ್ಟಳೆಯನ್ನು ಬಹುಕಾಲ ಕಂಡ ಮೈಸೂರು ಸೀಮೆಯವರಿಗೆ, ನೆಲವೊಬ್ಬನದು, ಮರವಿನ್ನೊಬ್ಬನದು ಎಂಬ ಮಾತು ವಿಚಿತ್ರವೆನಿಸಲಾರದು. ಇಂಗ್ಲೆಂಡಿನ ಭೂನ್ಯಾಯವು ಈ ಭೇದವನ್ನು ಇನ್ನೂ ಸೂಕ್ಷ್ಮವಾಗಿ ಬೆಳೆಯಿಸಿತು. ಗೇಣಿದಾರನು ನೇಗಿಲಿಗೆ, ಬೇಲಿಗೆ, ಒಲೆಗೆ, ಮನೆಯ ದುರಸ್ತಿಗೆ ಬೇಕಾದಷ್ಟನ್ನು ಕಡಿದುಕೊಳ್ಳಬಹುದಾಗಿತ್ತು. ಆದರೆ ಇಪ್ಪತ್ತು ವರ್ಷ ತುಂಬಿದ ಓಕ್, ಆಶ್, ಎಲ್ಮ್ ಮರಗಳನ್ನು ಮಾರಾಟಕ್ಕಾಗಿ ಉರುಳಿಸಿದನಾದರೆ, 1278ರ ಗ್ಲೌಸ್ಟರ್ ಶಾಸನದ ಮೇರೆಗೆ ನಷ್ಟದ ಮೂರು ಪಟ್ಟು ದಂಡ ತೆತ್ತು, ಹಾಳುಗೆಡವಿದ ನೆಲವನ್ನೂ ಬಿಟ್ಟುಕೊಡಬೇಕಾಗಿತ್ತು.

ಗೇಣಿದಾರನ ಕೊಡಲಿಗಿಂತ ಮನೆತನಗಳು ಹೆಚ್ಚಾಗಿ ಅಂಜಿದುದು ಮೇಲಿನ ಪ್ರಭುವಿಗೆ. ಒಡೆಯನು ತೀರಿಕೊಂಡೊಡನೆ ವಾರಸುದಾರನು ಪ್ರಭುವಿಗೆ ಕಾಣಿಕೆ ತೆರಬೇಕು. ಅವನು ಅಪ್ರಾಪ್ತವಯಸ್ಕನಾಗಿದ್ದರೆ, ಪೋಷಕನೆನಿಸಿಕೊಂಡ ಪ್ರಭುವೇ ಜಮೀನಿನ ಉತ್ಪನ್ನವನ್ನೆಲ್ಲ ಅನುಭವಿಸುವನು. ಇಂತಹ ಪೋಷಕರು ಭೂಮಿಯನ್ನು ಹಾಳುಮಾಡಕೂಡದೆಂದು 1215ರ ಮ್ಯಾಗ್ನ ಕಾರ್ಟದಲ್ಲಿಯೇ ವಿಧಿಸಬೇಕಾಗಿ ಬಂದಿತೆಂದ ಮೇಲೆ, ಆ ಪೋಷಣೆ ಎಂತಹದೆಂದು ಊಹಿಸಬಹುದು.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಒಡೆಯನು ತನ್ನ ನೆಲವನ್ನು ನಂಬಿಗಸ್ತರಾದ ನಾಲ್ಕಾರು ಮಿತ್ರರಿಗೆ ಜಂಟಿಯಾಗಿ ಬರೆದುಕೊಟ್ಟು, ಫಲ ಮಾತ್ರ ತನ್ನ ವಂಶಕ್ಕೆ ಸಲ್ಲತಕ್ಕದ್ದೆಂದು ಅವರಿಂದ ಮಾತು ಪಡೆಯುತ್ತಿದ್ದನು. ಒಬ್ಬನು ಸತ್ತರೆ ಉಳಿದವರಿದ್ದರು, ಅವರೂ ಮುದುಕರಾಗುವಷ್ಟರಲ್ಲಿ ಹೊಸಬರು ಸೇರುತ್ತಿದ್ದರು. ಹೀಗೆ ಕಾಯಿದೆಯ ಕಣ್ಣಿಗೆ ಒಡೆಯನೆಂಬವನು ಸಾಯುತ್ತಲೇ ಇರಲಿಲ್ಲ. ಮಿತ್ರರು ಮಾತಿಗೆ ತಪ್ಪಿದರೆ ಸಾಮಾನ್ಯ ನ್ಯಾಯಾಲಯಗಳು ಕಿವಿಗೊಡುತ್ತಿರಲಿಲ್ಲವಾದುದರಿಂದ, ರಾಜನ ಚಾನ್ಸಲರನು ಅವರ ಅಂತಃಕರಣವನ್ನು ಹಿಡಿದು ನಿಲ್ಲಿಸಿದನು. ಕರ ತಪ್ಪಿಸುವ ಹಂಚಿಕೆಗೆ ಅಂತಃಕರಣವೇ ಆಧಾರವಾದುದು ಸೋಜಿಗವೇ ಸರಿ.

ಬೊಕ್ಕಸಕ್ಕೆ ತಗುಲಿದ ಈ ನಷ್ಟವನ್ನು ಎಂಟನೆಯ ಹೆನ್ರಿಯು ಸಹಿಸಲಿಲ್ಲ. ಫಲವನ್ನುಣ್ಣುವವನೇ ಒಡೆಯನೆಂದು 1536ರ ಶಾಸನವು ಸಾರಿತು. ವಕೀಲರಾದರೋ ಒಂದು ನಂಬಿಕೆಯ ಮೇಲೆ ಇನ್ನೊಂದನ್ನು ಪೇರಿಸಿದರು. ಶಾಸನದ ಬಲವು ಮೊದಲನೆಯದರಲ್ಲಿಯೇ ಮುಗಿಯಿತು. ಎರಡನೆಯದನ್ನು ಮುಂದಿನ ಶತಮಾನದಲ್ಲಿ ಚಾನ್ಸಲರನ ನ್ಯಾಯಾಲಯವು ಮನ್ನಿಸಲಾರಂಭಿಸಿತು. ಅದೇ ಟ್ರಸ್ಟ್, ನಾವು ನ್ಯಾಸವೆಂದು ಕರೆಯುವುದು.

ನಂಬಿಕೆಯ ಬೇಲಿಯೊಳಗೂ ಕಲಹಗಳಾದುವು. ರೇಬಿ ಕೋಟೆಯ ಲಾರ್ಡ್ ಬಾರ್ನಾರ್ಡನು ಆ ಸೊತ್ತನ್ನು ಮಗನಿಗೆ ನಿಶ್ಚಯಿಸಿ, ತನ್ನ ಜೀವಮಾನದ ಅನುಭೋಗವನ್ನು ಉಳಿಸಿಕೊಂಡಿದ್ದನು. ಮುಂದೆ ಮಗನ ಮೇಲೆ ಮುನಿದು, ಕೂಲಿಗಳನ್ನು ಹಚ್ಚಿ ಕೋಟೆಯ ಸೀಸ, ಕಬ್ಬಿಣ, ಗಾಜು, ಬಾಗಿಲುಗಳನ್ನು ಕೀಳಿಸಿದನು. ಪತ್ರದಲ್ಲಿ ‘ಹಾನಿಗೆ ಹೊಣೆಯಿಲ್ಲ’ವೆಂದಿದ್ದರೂ, ಕಿತ್ತುದನ್ನು ಮತ್ತೆ ಕೂಡಿಸಬೇಕೆಂದು 1716ರಲ್ಲಿ ತೀರ್ಪಾಯಿತು.

ಹಳೆಯ ಪ್ರಭುಕಾಣಿಕೆಗಳು 1660ರಲ್ಲಿ ಅಳಿದುವು. ಆದರೆ 1894ರಲ್ಲಿ ಹಣಕಾಸಿನ ಮಂತ್ರಿಯಾದ ಹಾರ್ಕೋರ್ಟನು ಮೃತರ ಆಸ್ತಿಗೆ ಹೊಸ ಕರವನ್ನು ಹೊರಿಸಲು, ನ್ಯಾಸಪತ್ರಗಳಿಗೆ ಹಳೆಯ ಕೆಲಸವೇ ಮರಳಿ ಬಂದಿತು. ನೂರು ವರ್ಷಕ್ಕೆ ಬಲಿಯುವ ಓಕ್ ಮರವು ಅಷ್ಟರಲ್ಲಿ ಮೂವರು ಒಡೆಯರ ಸಾವನ್ನಾದರೂ ಕಾಣುವುದಷ್ಟೆ! 1910ರ ಹಣಕಾಸು ಕಾಯಿದೆಯು ಇದನ್ನು ಒಪ್ಪಿಕೊಂಡು, ನಿಂತ ಮರದ ಮೇಲಣ ಕರವನ್ನು ಒಡೆಯನು ಸತ್ತಾಗಲಲ್ಲ, ಮರವನ್ನು ಮಾರಿದಾಗ ಕೇಳಬೇಕೆಂದು ನಿಯಮಿಸಿತು.