ಹುಳುಕಿಗೆ ಮೊದಲೇ ಮುಚ್ಚಳ

ಕೆಟ್ಟ ಹಲ್ಲಿಗೆ ಕನ್ನಡಿಗರು ಇಟ್ಟಿರುವ ಹೆಸರು ‘ಹುಳುಕು ಹಲ್ಲು’. ಹಲ್ಲಿನಲ್ಲಿ ತೂತು ಬಿದ್ದರೆ ‘ಹುಳ ತಿಂದಿದೆ’ ಎನ್ನುವ ಮಾತು ಹಳ್ಳಿಯಲ್ಲೂ ಪಟ್ಟಣದಲ್ಲೂ ಇಂದಿಗೂ ಕೇಳಿಬರುತ್ತದೆ. ಈ ನಂಬಿಕೆ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಪ್ರಾಚೀನ ಬ್ಯಾಬಿಲೋನಿಯಾದ ಜೇಡಿಮಣ್ಣಿನ ಫಲಕಗಳಲ್ಲಿ ಹಲ್ಲಿನ ಹುಳುವನ್ನು ಓಡಿಸುವ ಮಂತ್ರವೇ ಇದೆ. ಮಧ್ಯಯುಗದ ಯುರೋಪಿನಲ್ಲಿ ಹೆನ್‌ಬೇನ್ ಎಂಬ ಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ರೋಗಿಯ ಬಾಯಿಗೆ ಹಿಡಿಸುತ್ತಿದ್ದರು. ಬಿಸಿಗೆ ಸಿಡಿದ ಬೀಜದಿಂದ ಹೊರಬಂದ ಬಿಳಿಯ ಎಳೆಯನ್ನೇ ಹಲ್ಲಿನಿಂದ ಉದುರಿದ ಹುಳುವೆಂದು ತೋರಿಸಲಾಗುತ್ತಿತ್ತು. ನೆಲಗುಳ್ಳದ ಬೀಜದ ಹೊಗೆ ಹಿಡಿಸುವ ನಾಟಿ ಪದ್ಧತಿ ನಮ್ಮಲ್ಲೂ ಬಳಕೆಯಲ್ಲಿತ್ತು.

ಹುಳುವಿನ ಕಲ್ಪನೆಯನ್ನು ಖಚಿತವಾಗಿ ಅಲ್ಲಗಳೆದವರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಪ್ರಮುಖ. 1728ರಲ್ಲಿ ಪ್ರಕಟವಾದ ಆತನ ಗ್ರಂಥ ಆಧುನಿಕ ದಂತವೈದ್ಯಕ್ಕೆ ತಳಹದಿಯೆನಿಸಿತು. ಹಲ್ಲು ಕೆಡುವುದಕ್ಕೆ ಸಕ್ಕರೆಯ ಪದಾರ್ಥಗಳೂ ಕಾರಣವೆಂದು ಆತ ಆಗಲೇ ಎಚ್ಚರಿಸಿದ್ದ. ಆದರೆ ಕೆಡುವ ಬಗೆ ಹೇಗೆಂಬುದು ಸ್ಪಷ್ಟವಾಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಬರ್ಲಿನ್ನಿನಲ್ಲಿ ನೆಲೆಸಿದ್ದ ಅಮೆರಿಕನ್ ದಂತವೈದ್ಯ ವಿಲ್ಲೋಬಿ ಡಿ. ಮಿಲ್ಲರ್ 1890ರಲ್ಲಿ ಅದನ್ನು ವಿವರಿಸಿದ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಅನ್ನ, ಸಕ್ಕರೆಗಳನ್ನು ಹುದುಗಿಸಿ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್ಲನ್ನು ಕರಗಿಸುತ್ತದೆ. 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದ ‘ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್’ ಎಂಬ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದ. ಹೀಗೆ ‘ಹುಳು’ ಎಂಬ ಮಾತು ಸುಳ್ಳಾದರೂ, ಕಣ್ಣಿಗೆ ಕಾಣದ ಜೀವಿಯ ಪಾತ್ರವಿದೆ ಎಂಬುದು ನಿಜವೇ ಆಯಿತು.

ಗೀರಿನೊಳಗಿನ ಗುಟ್ಟು

ಹಲ್ಲಿನ ಎಲ್ಲ ಭಾಗವೂ ಒಂದೇ ಸಮನಾಗಿ ಕೆಡುವುದಿಲ್ಲ. ದವಡೆಹಲ್ಲಿನ ಮೇಲ್ಭಾಗವನ್ನು ಗಮನಿಸಿದರೆ ಅಲ್ಲಿ ಗುಡ್ಡಗಳೂ ಅವುಗಳ ನಡುವೆ ಕಣಿವೆಯಂಥ ಗೀರುಗಳೂ ಕಾಣುತ್ತವೆ. ಕಾಳು, ಸೊಪ್ಪು, ರೊಟ್ಟಿಯನ್ನು ಅರೆಯಲು ಪ್ರಕೃತಿ ಕೊಟ್ಟ ಬೀಸುವ ಕಲ್ಲು ಅದು. ಆದರೆ ಈ ಗೀರುಗಳಲ್ಲಿ ಹಲವು ಎಷ್ಟು ಕಿರಿದೆಂದರೆ, ಬ್ರಷ್ಷಿನ ಒಂದು ಎಳೆಯೂ ಒಳಗೆ ಇಳಿಯದು. ಆಹಾರದ ಕಣವೂ ಬ್ಯಾಕ್ಟೀರಿಯಾವೂ ಇಳಿಯುತ್ತವೆ, ಜೊಲ್ಲು ತೊಳೆಯಲಾರದು. ಎಷ್ಟೇ ಶ್ರದ್ಧೆಯಿಂದ ಹಲ್ಲುಜ್ಜಿದರೂ ಮಕ್ಕಳ ದವಡೆಹಲ್ಲು ಕೆಡುವುದಕ್ಕೆ ಇದೇ ಮುಖ್ಯ ಕಾರಣ. ಶಾಲಾ ವಯಸ್ಸಿನ ಮಕ್ಕಳ ಕಾಯಂ ಹಲ್ಲುಗಳಲ್ಲಿ ಕಾಣುವ ಹುಳುಕಿನ ಬಹುಪಾಲು ಈ ಗೀರುಗಳಲ್ಲೇ ಆರಂಭವಾಗುತ್ತದೆ.

ದಂತವೈದ್ಯರಿಗೆ ಇದು ಬಹಳ ಹಿಂದೆಯೇ ತಿಳಿದಿತ್ತು. ತಿಳಿದ ಮೇಲೆ ಅವರು ಹಿಡಿದ ದಾರಿ ಮಾತ್ರ ಇಂದಿನ ಕಣ್ಣಿಗೆ ವಿಚಿತ್ರವೆನಿಸುತ್ತದೆ. ಅಮೆರಿಕದ ಗ್ರೀನ್ ವರ್ಡಿಮನ್ ಬ್ಲ್ಯಾಕ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಸೂತ್ರವನ್ನು ರೂಢಿಗೆ ತಂದ. ಹಲ್ಲು ತುಂಬುವಾಗ ಕೆಟ್ಟ ಭಾಗವನ್ನಷ್ಟೇ ಅಲ್ಲದೆ, ಮುಂದೆ ಕೆಡಬಹುದಾದ ಅಕ್ಕಪಕ್ಕದ ಗೀರುಗಳನ್ನೂ ಕೊರೆದು ತುಂಬಬೇಕು ಎಂಬುದು ಅದರ ಸಾರ. 1923ರಲ್ಲಿ ನ್ಯೂಯಾರ್ಕಿನ ಥ್ಯಾಡಿಯಸ್ ಹಯಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹಲ್ಲು ಮೂಡಿದ ಕೂಡಲೇ, ಅದರಲ್ಲಿ ಯಾವ ದೋಷವಿಲ್ಲದಿದ್ದರೂ ಗೀರುಗಳನ್ನು ಕೊರೆದು ಲೋಹ ತುಂಬಿಬಿಡಬೇಕೆಂದು ಆತ ವಾದಿಸಿದ. ಹೇಗೂ ಕೆಡುವ ಹಲ್ಲು. ದೊಡ್ಡ ತೂತಾಗುವ ಮೊದಲೇ ಚಿಕ್ಕ ತೂತು ಮಾಡಿ ಮುಚ್ಚಿದರೆ ಲಾಭವೆಂಬುದು ಆತನ ಲೆಕ್ಕಾಚಾರ. 1929ರಲ್ಲಿ ಚಾರ್ಲ್ಸ್ ಬೋಡೆಕರ್ ಗೀರನ್ನು ಉಜ್ಜಿ ಅಗಲಗೊಳಿಸಿ, ಬ್ರಷ್ಷಿಗೆ ಸಿಗುವಂತೆ ಮಾಡುವ ಉಪಾಯವನ್ನು ಸೂಚಿಸಿದ. ಈ ಎಲ್ಲ ವಿಧಾನಗಳಲ್ಲೂ ಒಂದು ಬೆಲೆ ತೆರಬೇಕಿತ್ತು. ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ರಕ್ಷಣೆಯ ಹೆಸರಿನಲ್ಲಿ ಒಳ್ಳೆಯ ಹಲ್ಲಿನ ಒಂದು ಪಾಲನ್ನು ಶಾಶ್ವತವಾಗಿ ಕಳೆದುಕೊಳ್ಳಬೇಕಿತ್ತು.

ಕೊರೆಯದೆ ಉಳಿಸುವ ಪ್ರಯತ್ನಗಳೂ ನಡೆದವು. 1917ರಲ್ಲಿ ಬಾಸ್ಟನ್ನಿನ ಪರ್ಸಿ ಹೌ ಹಲ್ಲಿಗೆ ಬೆಳ್ಳಿಯ ನೈಟ್ರೇಟ್ ದ್ರಾವಣ ಹಚ್ಚುವ ಪದ್ಧತಿಯನ್ನು ಪ್ರಚಾರಕ್ಕೆ ತಂದ. ಅದರಿಂದ ಹಲ್ಲು ಕಪ್ಪಾಗುತ್ತಿತ್ತು. ಇನ್ನೂ ಕೆಡದ ಗೀರುಗಳಿಗೆ ಹಚ್ಚಿ ನೋಡಿದ ನಂತರದ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ಫಲವೂ ಸಿಗಲಿಲ್ಲ.

ಫ್ಲೋರೈಡಿನ ಗೆಲುವು, ಉಳಿದ ಸಮಸ್ಯೆ

ಈ ನಡುವೆ ಇನ್ನೊಂದು ದಿಕ್ಕಿನಿಂದ ದೊಡ್ಡ ಸುದ್ದಿ ಬಂತು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ವೃತ್ತಿ ಆರಂಭಿಸಲು ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿನವರ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡ. ಆದರೆ ಆ ಕಲೆಯ ಹಲ್ಲುಗಳಿಗೆ ಹುಳುಕು ಕಡಿಮೆ. ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಇದಕ್ಕೆ ಕಾರಣವೆಂಬುದು 1931ರಲ್ಲಿ ಪತ್ತೆಯಾಯಿತು. ಕಲೆ ಬೀಳದಷ್ಟು, ಆದರೆ ಹಲ್ಲು ಗಟ್ಟಿಯಾಗುವಷ್ಟು ಪ್ರಮಾಣವನ್ನು ಲೆಕ್ಕಹಾಕಿ, 1945ರ ಜನವರಿ 25ರಂದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಲಾಯಿತು. ಆ ಬಳಿಕ ಹುಟ್ಟಿದ ಅಲ್ಲಿನ ಮಕ್ಕಳಲ್ಲಿ ಹುಳುಕಿನ ಪ್ರಮಾಣ ಶೇಕಡಾ 60ಕ್ಕೂ ಹೆಚ್ಚು ಇಳಿಯಿತು.

ಆದರೆ ಫ್ಲೋರೈಡಿನ ರಕ್ಷೆ ಎಲ್ಲ ಕಡೆ ಒಂದೇ ತೆರನಾಗಿರಲಿಲ್ಲ. ಹಲ್ಲಿನ ನುಣುಪಾದ ಬದಿಗಳಿಗೆ ಅದು ಚೆನ್ನಾಗಿ ದಕ್ಕಿತು, ಮೇಲ್ಭಾಗದ ಆಳವಾದ ಗೀರುಗಳಿಗೆ ಅಷ್ಟಾಗಿ ದಕ್ಕಲಿಲ್ಲ. ಒಟ್ಟು ಹುಳುಕು ಕಡಿಮೆಯಾದಂತೆಲ್ಲ ಉಳಿದ ಹುಳುಕು ಗೀರುಗಳಲ್ಲೇ ಕೂಡಿಕೊಂಡಿತು. ಆ ಗೀರನ್ನು ಕೊರೆಯದೆ ಮುಚ್ಚಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ.

ಬಣ್ಣ ಬಳಿಯುವವರಿಂದ ಕಲಿತ ಪಾಠ

ಕೊಡಾಕ್ ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್ ಬಡಮಕ್ಕಳ ಹಲ್ಲಿನ ಆರೈಕೆಗಾಗಿ ರಾಚೆಸ್ಟರ್‌ನಲ್ಲಿ ಕಟ್ಟಿಸಿದ ದಂತ ಚಿಕಿತ್ಸಾಲಯ 1917ರಲ್ಲಿ ತೆರೆಯಿತು. ಅಲ್ಲಿ ಸಂಶೋಧಕನಾಗಿದ್ದ ಮೈಕೆಲ್ ಬ್ಯೂನೊಕೋರ್‌ನನ್ನು ಕಾಡಿದ್ದು ಅಂಟಿನ ಸಮಸ್ಯೆ. ಒದ್ದೆಯಾದ, ನುಣುಪಾದ ಎನಾಮಲ್ಲಿಗೆ ಪ್ಲಾಸ್ಟಿಕ್ಕಿನಂಥ ವಸ್ತುಗಳು ಅಂಟುತ್ತಲೇ ಇರಲಿಲ್ಲ. ಕಾರ್ಖಾನೆಗಳಲ್ಲಿ ಲೋಹದ ತಗಡಿಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಹಲ್ಲಿಗೂ ಹಾಗೆಯೇ ಮಾಡಿದರೇನು ಎಂದು ಆತ ಯೋಚಿಸಿದ. ಎನಾಮಲ್ಲಿಗೆ ಶೇಕಡಾ 85ರ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ, ತೊಳೆದು, ಒಣಗಿಸಿ, ಅದರ ಮೇಲೆ ಅಕ್ರಿಲಿಕ್‌ನ ಹನಿಯನ್ನು ಇಟ್ಟ. ಆಮ್ಲ ಹಚ್ಚದ ಹಲ್ಲಿನ ಮೇಲಿನ ಹನಿ ಸರಾಸರಿ ಅರ್ಧ ದಿನದೊಳಗೇ ಬಿದ್ದುಹೋದರೆ, ಆಮ್ಲ ಹಚ್ಚಿದ ಹಲ್ಲಿನ ಮೇಲಿನದು ಸಾವಿರ ಗಂಟೆಗೂ ಮೀರಿ ಉಳಿಯಿತು. ಈ ಫಲಿತಾಂಶ ಪ್ರಕಟವಾದದ್ದು 1955ರಲ್ಲಿ.

ಆಮ್ಲ ಮಾಡುವ ಕೆಲಸ ಸರಳವಾದದ್ದು. ಎನಾಮಲ್ ಎಂಬುದು ಒತ್ತೊತ್ತಾಗಿ ನಿಂತ ಅತಿಸೂಕ್ಷ್ಮ ಖನಿಜ ಕಂಬಗಳ ರಾಶಿ. ಆಮ್ಲವು ಅವುಗಳ ತುದಿಯನ್ನು ಸ್ವಲ್ಪವೇ ಕರಗಿಸಿ ಅಸಂಖ್ಯ ಸಣ್ಣ ರಂಧ್ರಗಳನ್ನು ಮಾಡುತ್ತದೆ. ದ್ರವರೂಪದ ರಾಳ ಆ ರಂಧ್ರಗಳಿಗೆ ಇಳಿದು ಗಟ್ಟಿಯಾದಾಗ ನೆಲದಲ್ಲಿ ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಹಲ್ಲನ್ನು ಕೆಡಿಸುವುದೂ ಆಮ್ಲ, ಹಲ್ಲಿಗೆ ರಕ್ಷೆಯನ್ನು ಅಂಟಿಸುವುದೂ ಆಮ್ಲ. ಬ್ಯಾಕ್ಟೀರಿಯಾದ ಆಮ್ಲ ತಿಂಗಳುಗಟ್ಟಲೆ ಒಂದೇ ಕಡೆ ಕೊರೆದರೆ, ವೈದ್ಯನ ಆಮ್ಲ ಕೆಲವೇ ಕ್ಷಣ ಮೇಲ್ಪದರವನ್ನು ತಟ್ಟಿ ತೊಳೆದುಹೋಗುತ್ತದೆ. ಮುಚ್ಚಳ ಹತ್ತದೆ ಉಳಿದ ಜಾಗವನ್ನು ಜೊಲ್ಲಿನ ಖನಿಜಾಂಶಗಳು ಮತ್ತೆ ಸರಿಪಡಿಸುತ್ತವೆ.

ಒಳ್ಳೆಯ ರಾಳವೊಂದು ಸಿಗಲು ಇನ್ನಷ್ಟು ಕಾಲ ಹಿಡಿಯಿತು. 1967ರಲ್ಲಿ ಕ್ಯೂಟೊ ಮತ್ತು ಬ್ಯೂನೊಕೋರ್ ಸಯನೊಅಕ್ರಿಲೇಟ್ ಎಂಬ ಬಿರುಸಿನ ಅಂಟಿನಿಂದ ಗೀರುಗಳನ್ನು ಮುಚ್ಚಿ, ಒಂದು ವರ್ಷದಲ್ಲಿ ಹುಳುಕು ಶೇಕಡಾ 86ರಷ್ಟು ಕಡಿಮೆಯಾಯಿತೆಂದು ವರದಿ ಮಾಡಿದರು. ಆದರೆ ಆ ಅಂಟು ಬಾಯಿಯ ತೇವದಲ್ಲಿ ಬಹುಕಾಲ ಬಾಳಲಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಫೇಲ್ ಬೋವೆನ್ ಅಭಿವೃದ್ಧಿಪಡಿಸಿ 1962ರಲ್ಲಿ ಪೇಟೆಂಟ್ ಪಡೆದಿದ್ದ ‘ಬಿಸ್-ಜಿಎಂಎ’ ರಾಳ ಈ ಕೊರತೆಯನ್ನು ನೀಗಿಸಿತು. ಅದನ್ನು ನೇರಳಾತೀತ ಬೆಳಕಿನಿಂದ ಗಟ್ಟಿಮಾಡುವ ‘ನುವಾ-ಸೀಲ್’ 1971ರಲ್ಲಿ ಮಾರುಕಟ್ಟೆಗೆ ಬಂತು. ಇಂದು ‘ಸೀಲಂಟ್’ ಎಂದು ಕರೆಯುವ ಮುಚ್ಚಳಗಳ ಪರಂಪರೆ ಅಲ್ಲಿಂದ ಮುಂದುವರಿಯಿತು. ಆಮೇಲೆ ನೇರಳಾತೀತ ದೀಪದ ಜಾಗಕ್ಕೆ ನೀಲಿ ಬೆಳಕು ಬಂದಿತು.

ವೈದ್ಯರೇ ಹಿಂಜರಿದಾಗ

ಸೂಜಿ ಬೇಡ, ಕೊರೆಯುವುದು ಬೇಡ, ಒಂದು ಹಲ್ಲಿಗೆ ಕೆಲವೇ ನಿಮಿಷ ಸಾಕು. ಇಂಥ ವಿಧಾನ ಕೂಡಲೇ ಮನೆಮಾತಾಗಬೇಕಿತ್ತು. ಹಾಗಾಗಲಿಲ್ಲ. ಗೀರಿನ ತಳದಲ್ಲಿ ಆಗಲೇ ಕಣ್ಣಿಗೆ ಕಾಣದ ಹುಳುಕಿದ್ದರೆ, ಮೇಲಿನಿಂದ ಮುಚ್ಚಿದಾಗ ಒಳಗೊಳಗೇ ಹಲ್ಲು ಕೊಳೆತೀತು ಎಂಬ ಭಯ ಹಲವು ವೈದ್ಯರಲ್ಲಿತ್ತು. ಮಾತು ತರ್ಕಬದ್ಧವಾಗಿಯೇ ಕಾಣುತ್ತಿತ್ತು. ಅದನ್ನು ಪರೀಕ್ಷಿಸಿದವರು ರಾಚೆಸ್ಟರ್‌ನವರೇ ಆದ ಸ್ಟ್ಯಾನ್ಲಿ ಹ್ಯಾಂಡೆಲ್‌ಮನ್ ಮತ್ತು ಸಂಗಡಿಗರು. ಆರಂಭದ ಹುಳುಕಿನ ಮೇಲೆ ಸೀಲಂಟ್ ಹಾಕಿ ಎರಡು ವರ್ಷ ಗಮನಿಸಿ 1976ರಲ್ಲಿ ಅವರು ಕೊಟ್ಟ ವರದಿ ಭಯಕ್ಕೆ ತದ್ವಿರುದ್ಧವಾಗಿತ್ತು. ಒಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾಗಳಿಗೆ ಹೊರಗಿನ ಸಕ್ಕರೆ ಸಿಗದೆ, ಅವುಗಳ ಸಂಖ್ಯೆ ಭಾರಿ ಪ್ರಮಾಣದಲ್ಲಿ ಕುಸಿದಿತ್ತು. ಮುಚ್ಚಳ ಭದ್ರವಾಗಿದ್ದರೆ ಹುಳುಕು ಉಪವಾಸ ಬೀಳುತ್ತದೆ.

ಇನ್ನೊಂದು ಅಡ್ಡಿ ಹಣದ್ದು. ವಿಮೆಯ ಪದ್ಧತಿ ಬಹುಮಟ್ಟಿಗೆ ಕೆಟ್ಟ ಹಲ್ಲು ತುಂಬುವುದಕ್ಕೆ ಹಣ ಕೊಡುತ್ತಿತ್ತು, ಕೆಡದಂತೆ ಕಾಯುವುದಕ್ಕಲ್ಲ. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಮ್ಮೇಳನ ಸೀಲಂಟ್ ಪರಿಣಾಮಕಾರಿಯೆಂದೂ ಅದರ ಬಳಕೆ ತೀರಾ ಕಡಿಮೆಯೆಂದೂ ತೀರ್ಮಾನಿಸಿತು. 2000ನೆಯ ಇಸವಿಯ ಹೊತ್ತಿಗೆ ಅರ್ಧದಷ್ಟು ಮಕ್ಕಳಿಗೆ ಇದು ತಲುಪಬೇಕೆಂದು ಆ ದೇಶ ಗುರಿ ಹಾಕಿಕೊಂಡಿತ್ತು. 1988ರಿಂದ 1994ರವರೆಗಿನ ಸಮೀಕ್ಷೆಯಲ್ಲಿ ಎಂಟು ವರ್ಷದ ಮಕ್ಕಳಲ್ಲಿ ಅದು ತಲುಪಿದ್ದು ಸುಮಾರು ಶೇಕಡಾ 23ರಷ್ಟು ಮಂದಿಗೆ ಮಾತ್ರ.

1996ರಲ್ಲಿ ಸ್ಪೇನಿನ ಸಂಶೋಧಕರು ಸೀಲಂಟ್ ಹಾಕಿದವರ ಜೊಲ್ಲಿನಲ್ಲಿ ಬಿಸ್ಫೆನಾಲ್-ಎ ಎಂಬ ರಾಸಾಯನಿಕ ಕಂಡುಬಂತೆಂದು ವರದಿ ಮಾಡಿದಾಗ ಹೊಸ ಆತಂಕ ಹುಟ್ಟಿತು. ಮುಂದಿನ ಅಧ್ಯಯನಗಳು ಆ ಪ್ರಮಾಣ ಅತ್ಯಲ್ಪವೆಂದೂ ಬಹುಬೇಗ ಇಳಿದುಹೋಗುತ್ತದೆಂದೂ ತೋರಿಸಿದವು. ಹಾಕಿದ ಕೂಡಲೇ ಮೇಲ್ಮೈಯನ್ನು ಒರೆಸಿ ಬಾಯಿ ಮುಕ್ಕಳಿಸುವುದು ಇದಕ್ಕೆ ಸುಲಭದ ಮುನ್ನೆಚ್ಚರಿಕೆ.

ಫಲವೆಷ್ಟು ಎಂಬುದಕ್ಕೆ ಈಗ ಸಾಕಷ್ಟು ಪುರಾವೆಯಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2016ರಲ್ಲಿ ಹೇಳಿದಂತೆ, ಕಾಯಂ ದವಡೆಹಲ್ಲುಗಳಿಗೆ ಸೀಲಂಟ್ ಹಾಕಿದರೆ ಎರಡು ವರ್ಷಗಳ ಕಾಲ ಶೇಕಡಾ 80ರಷ್ಟು ಹುಳುಕನ್ನು ತಡೆಯಬಹುದು. ನಾಲ್ಕು ವರ್ಷಗಳವರೆಗೂ ಶೇಕಡಾ 50ರಷ್ಟು ರಕ್ಷಣೆ ಮುಂದುವರಿಯುತ್ತದೆ. ಅದೇ ವರದಿ ಇನ್ನೊಂದು ಸತ್ಯವನ್ನೂ ಹೇಳಿತು: ಬಡ ಕುಟುಂಬದ ಮಕ್ಕಳಿಗೆ ಹುಳುಕಿನ ಅಪಾಯ ಹೆಚ್ಚು, ಸೀಲಂಟ್ ಸಿಗುವುದು ಕಡಿಮೆ.

ನಮ್ಮ ಮಕ್ಕಳ ಬಾಯಿ

ಭಾರತದಲ್ಲಿ 2002-03ರಲ್ಲಿ ಭಾರತೀಯ ದಂತ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹನ್ನೆರಡು ವರ್ಷದ ಮಕ್ಕಳಲ್ಲಿ ಶೇಕಡಾ 53.8ರಷ್ಟು ಮಂದಿಗೆ ಹುಳುಕಿತ್ತು. ಹದಿನೈದರ ವಯಸ್ಸಿನಲ್ಲಿ ಇದು ಶೇಕಡಾ 63.1. ಇಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವ ದಾರಿ ಸುಲಭವಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ಮುಂತಾದ ಕಡೆ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಮೀರಿ ಇದ್ದು, ಹಲ್ಲಿಗೂ ಮೂಳೆಗೂ ರೋಗ ತಂದಿದೆ. ಒಂದೆಡೆ ಔಷಧಿಯಾದದ್ದು ಇನ್ನೊಂದೆಡೆ ವಿಷವಾಗಿರುವ ನಾಡಿನಲ್ಲಿ, ಕುಡಿಯುವ ನೀರನ್ನು ಮುಟ್ಟದೆ ಹಲ್ಲಿಗೆ ಹಲ್ಲಾಗಿ ಕಾಯುವ ವಿಧಾನಕ್ಕೆ ವಿಶೇಷ ಅರ್ಥವಿದೆ.

ಅಡ್ಡಿಗಳು ಇಲ್ಲದಿಲ್ಲ. ರಾಳದ ಸೀಲಂಟಿಗೆ ಹಲ್ಲು ಪೂರ್ತಿ ಒಣಗಿರಬೇಕು, ಬೆಳಕಿನ ಉಪಕರಣ ಬೇಕು, ವಿದ್ಯುತ್ ಬೇಕು. ಶಾಲೆಯ ಅಂಗಳದಲ್ಲಿ ಬೆಂಚಿನ ಮೇಲೆ ಕುಳಿತ ಮಗುವಿನ ಬಾಯಿಯಲ್ಲಿ ಇದನ್ನು ಸಾಧಿಸುವುದು ಕಷ್ಟ. ಇದಕ್ಕೆ ಪರ್ಯಾಯವಾಗಿ ಬಂದದ್ದು 1972ರಲ್ಲಿ ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ಪ್ರಕಟಿಸಿದ ಗ್ಲಾಸ್ ಅಯೊನೊಮರ್ ಸಿಮೆಂಟು. ಇದು ಸ್ವಲ್ಪ ತೇವವನ್ನು ಸಹಿಸುತ್ತದೆ, ಬೆರಳಿನಿಂದಲೇ ಗೀರಿಗೆ ಒತ್ತಬಹುದು, ತಾನಾಗಿ ಗಟ್ಟಿಯಾಗುತ್ತದೆ. ರಾಳದಷ್ಟು ಕಾಲ ಹಲ್ಲಿನ ಮೇಲೆ ನಿಲ್ಲದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸಿಮೆಂಟನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಜೊತೆಗೆ ಸೇರಿದ್ದು ಸಿಲ್ವರ್ ಡೈಅಮೈನ್ ಫ್ಲೋರೈಡ್. ಪರ್ಸಿ ಹೌ ಕಾಲದ ಬೆಳ್ಳಿಯ ದ್ರಾವಣ ಫ್ಲೋರೈಡಿನ ಸಂಗಡ ಹೊಸ ರೂಪದಲ್ಲಿ ಮರಳಿದಂತಾಯಿತು. ಈಗಲೂ ಅದು ಹುಳುಕಾದ ಭಾಗವನ್ನು ಕಪ್ಪಾಗಿಸುತ್ತದೆ, ಆದರೆ ಹುಳುಕು ಮುಂದುವರಿಯುವುದನ್ನು ನಿಲ್ಲಿಸುತ್ತದೆ.

ದೇಶದಲ್ಲಿ ಅತಿ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೂ ಹಲ್ಲು ನೋಯುವವರೆಗೆ ವೈದ್ಯರ ಬಳಿಗೆ ಹೋಗದಿರುವುದು ನಮ್ಮಲ್ಲಿ ರೂಢಿ. ಸೀಲಂಟಿನ ಮಟ್ಟಿಗೆ ಈ ರೂಢಿಯೇ ದೊಡ್ಡ ತೊಡಕು, ಏಕೆಂದರೆ ನೋವು ಬಂದ ಮೇಲೆ ಅದರ ಕಾಲ ಮೀರಿರುತ್ತದೆ. ಮೊದಲ ಕಾಯಂ ದವಡೆಹಲ್ಲು ಆರನೆಯ ವಯಸ್ಸಿನ ಸುಮಾರಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ತಂದೆತಾಯಿ ಇದನ್ನೂ ಹಾಲುಹಲ್ಲೆಂದೇ ಎಣಿಸಿ, ‘ಕೆಟ್ಟರೆ ಬೀಳುತ್ತದೆ, ಮತ್ತೆ ಬರುತ್ತದೆ’ ಎಂದು ಸುಮ್ಮನಾಗುವುದುಂಟು. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಎರಡನೆಯ ದವಡೆಹಲ್ಲು ಮೂಡುವುದು ಹನ್ನೆರಡರ ಹೊತ್ತಿಗೆ. ಗೀರುಗಳನ್ನು ಮುಚ್ಚಲು ಈ ಎರಡೂ ಸಮಯ ಪ್ರಶಸ್ತ. ಮುಚ್ಚಿದ ಮೇಲೂ ಹಲ್ಲುಜ್ಜುವುದನ್ನು ಬಿಡುವಂತಿಲ್ಲ, ಹಲ್ಲಿನ ಸಂದುಗಳಿಗೆ ಸೀಲಂಟಿನ ರಕ್ಷೆಯಿಲ್ಲ. ಮುಚ್ಚಳ ಸವೆದಿದೆಯೇ ಎಂದು ಆಗಾಗ ನೋಡಿಸಿ, ಬೇಕಾದರೆ ಮತ್ತೆ ಹಾಕಿಸಬೇಕು. ಒಂದನೆಯ ತರಗತಿಗೆ ಸೇರುವ ಮಗುವಿನ ಬಾಯಿ ತೆರೆಸಿ, ಕೊನೆಯ ಹಾಲುಹಲ್ಲಿನ ಹಿಂದೆ ಹೊಸದೊಂದು ಮೂಡಿದೆಯೇ ಎಂದು ನೋಡುವುದರಿಂದ ಈ ಕೆಲಸ ಆರಂಭವಾಗುತ್ತದೆ.